ಉಪವಾಸದ ಹೆಸರಲ್ಲಿ ಪಾರ್ಕಿನ್ಸನ್ ಮಾತ್ರೆ ಬಿಡಿಸುವುದನ್ನು ತಡೆಯಿರಿ: ಮಂಡ್ಯ ಜಿಲ್ಲಾ ಆರೋಗ್ಯಾಧಿಕಾರಿಗಳಿಗೆ ಒಂದು ಬಹಿರಂಗ ಪತ್ರ

ಗೆ,
ಮಾನ್ಯ ಜಿಲ್ಲಾ ಆರೋಗ್ಯ ಮತ್ತು ಕುಟುಂಬ ಕಲ್ಯಾಣಾಧಿಕಾರಿಗಳು,
ಮಂಡ್ಯ.

ಮಾನ್ಯರೇ,

ನಮ್ಮ ಮಂಡ್ಯದ ಕಲ್ಯಾಣ ಮಂಟಪವೊಂದರಲ್ಲಿ ನಡೆದ ಉಪವಾಸ ಚಿಕಿತ್ಸೆಯ ಶಿಬಿರದ ಬಗ್ಗೆ ಈ ಪತ್ರ ಬರೆಯುತ್ತಿದ್ದೇನೆ. ಪಾರ್ಕಿನ್ಸನ್ (ಕೈ ನಡುಗಿ, ಮೈ ಬಿಗಿಯುವ ಮಿದುಳಿನ ಕಾಯಿಲೆ) ಮತ್ತು ಮರೆವಿನ ಕಾಯಿಲೆ ಇರುವ ಹಿರಿಯರನ್ನು ಅಲ್ಲಿ ಸೇರಿಸಿಕೊಂಡರು. ಐದು ದಿನ ಊಟ ಬಿಡಿಸುವುದು ಅವರ ಕ್ರಮ. ಊಟದ ಜತೆಗೆ ಆ ಹಿರಿಯರು ವರ್ಷಗಳಿಂದ ನುಂಗುತ್ತಿದ್ದ ಮಾತ್ರೆಗಳನ್ನೂ ಬಿಡಿಸಿದರು. ಅವರಲ್ಲಿ ನನ್ನ ಅಣ್ಣನೂ ಒಬ್ಬ. ಈಗ ಅಂಥದ್ದೇ ಇನ್ನೊಂದು ಶಿಬಿರಕ್ಕೆ ಫ್ಲೆಕ್ಸ್ ಕಟ್ಟಿದ್ದಾರೆ. ಅದು ಶುರುವಾಗುವ ಮೊದಲು ತಮ್ಮ ಗಮನಕ್ಕೆ ತರಬೇಕು ಅನ್ನುವುದು ನನ್ನ ಆತುರ. ಬಹಿರಂಗವಾಗಿ ಬರೆಯಲು ಕಾರಣ ಇಷ್ಟೇ: ಆ ಫ್ಲೆಕ್ಸ್ ನೋಡಿ ಮನೆಯ ಹಿರಿಯರ ಹೆಸರು ಬರೆಸಲು ಹೊರಟಿರುವವರೂ ಇದನ್ನು ಓದಲಿ.

ನಾನು ಪಿಯು ಕಾಲೇಜಿನಲ್ಲಿ ಜೀವಶಾಸ್ತ್ರ ಪಾಠ ಮಾಡಿ ನಿವೃತ್ತನಾದವನು. ವೈದ್ಯನಲ್ಲ. ಆದರೆ ಶಿಬಿರದವರು ಹಂಚಿದ ಕರಪತ್ರದಲ್ಲಿರುವ ವಿಷಯ ಜೀವಕೋಶದ್ದು, ನಾನು ಜೀವನಪೂರ್ತಿ ಪಾಠ ಮಾಡಿದ್ದು. ಕರಪತ್ರ ಹೇಳುವುದು ಹೀಗೆ: ನಿಮ್ಮ ಮಿದುಳಿನಲ್ಲಿ ಕೆಟ್ಟ ಪ್ರೋಟೀನಿನ ಕಸ ತುಂಬಿದೆ, ಉಪವಾಸ ಮಾಡಿದರೆ ಆಟೋಫಜಿ ಶುರುವಾಗಿ ದೇಹವೇ ಆ ಕಸವನ್ನು ತಿಂದುಹಾಕುತ್ತದೆ, ಇದನ್ನು ಕಂಡುಹಿಡಿದ ಜಪಾನಿನ ವಿಜ್ಞಾನಿಗೆ 2016ರಲ್ಲಿ ನೊಬೆಲ್ ಬಂದಿದೆ, ಆದ್ದರಿಂದ ಬೇಳೆಕಾಳು, ಮೊಟ್ಟೆ, ಮಾಂಸ ಬಿಡಿ, ರಾಸಾಯನಿಕ ಮಾತ್ರೆಗಳು ಶುದ್ಧಿಗೆ ಅಡ್ಡಿ, ಅವನ್ನೂ ಬಿಡಿ.

ಇದರಲ್ಲಿ ಒಂದಷ್ಟು ನಿಜವಿದೆ. ಓದಿಕೊಂಡವರೂ ಇದನ್ನು ನಂಬಿ ಬಂದಿದ್ದರು ಅಂದರೆ ಆ ನಿಜದಿಂದಲೇ. ಅದಕ್ಕೇ ಯಾವುದು ನಿಜ, ಎಲ್ಲಿಂದ ದಾರಿ ತಪ್ಪುತ್ತದೆ ಅನ್ನುವುದನ್ನು ಬಿಡಿಸಿ ಹೇಳಲೇಬೇಕು. ಸ್ವಲ್ಪ ಉದ್ದವಾದರೆ ತಾವು ಸಹಿಸಿಕೊಳ್ಳಬೇಕು.

ಪ್ರೋಟೀನ್ ಅಂದರೆ ಅಮೈನೋ ಆಮ್ಲಗಳ ಉದ್ದನೆಯ ಸರಪಳಿ. ಅದು ಸುಮ್ನೆ ಉದ್ದಕ್ಕೆ ಬಿದ್ದಿದ್ದರೆ ಸಾಮಾನ್ಯವಾಗಿ ಯಾವ ಕೆಲಸಕ್ಕೂ ಬರುವುದಿಲ್ಲ. ಹೆಚ್ಚಿನ ಪ್ರೋಟೀನುಗಳಿಗೆ ಸರಿಯಾಗಿ ಮಡಚಿಕೊಂಡು ತಮ್ಮದೇ ಆಕಾರಕ್ಕೆ ಬಂದಾಗಲೇ ಬೆಲೆ. ಈ ಸರಪಳಿ ಯಾವ ಕೋನಕ್ಕೆ ತಿರುಗಬಹುದು, ಯಾವ ಕೋನಕ್ಕೆ ತಿರುಗಲಾಗದು ಅನ್ನುವುದನ್ನು 1963ರಲ್ಲಿ ಒಂದು ನಕ್ಷೆ ಮಾಡಿ ತೋರಿಸಿದವರು ನಮ್ಮ ದೇಶದವರೇ, ಜಿ. ಎನ್. ರಾಮಚಂದ್ರನ್. ಮದರಾಸಿನಲ್ಲಿದ್ದಾಗ ಮಾಡಿದ ಕೆಲಸ ಅದು. ಆಮೇಲೆ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಗೆ ಬಂದು ಅಲ್ಲೊಂದು ದೊಡ್ಡ ವಿಭಾಗವನ್ನೇ ಕಟ್ಟಿದರು. ಇವತ್ತಿಗೂ ಹೊಸದಾಗಿ ಗುರುತಿಸಿದ ಪ್ರೋಟೀನಿನ ರಚನೆ ಸರಿಯಿದೆಯಾ ಅಂತ ನೋಡಲು ಪ್ರಪಂಚದ ಪ್ರಯೋಗಾಲಯಗಳು ಅವರ ನಕ್ಷೆಯನ್ನೇ ಬಳಸುತ್ತವೆ. ಅವರು 2001ರಲ್ಲಿ ತೀರಿಕೊಂಡರು. ಕೊನೆಯ ವರ್ಷಗಳಲ್ಲಿ ಅವರನ್ನು ಕಾಡಿದ್ದು ಪಾರ್ಕಿನ್ಸನ್. ಇದನ್ನು ಇಲ್ಲಿ ಹೇಳಲು ಕಾರಣವಿದೆ. ಶಿಬಿರದಲ್ಲಿ ಭಾಷಣ ಮಾಡಿದವರು ಈ ಕಾಯಿಲೆ ಸಿಕ್ಕಿದ್ದೆಲ್ಲ ತಿಂದು ಮೈಯನ್ನು ಹೊಲಸು ಮಾಡಿಕೊಂಡವರಿಗೆ ಬರುತ್ತದೆ ಅಂದರಂತೆ. ಕೈ ನಡುಗುವ ಹಿರಿಯರನ್ನು ಎದುರಿಗೆ ಕೂರಿಸಿಕೊಂಡು ಆಡುವ ಮಾತೇ ಅದು? ಅವರು ಏನೂ ತಪ್ಪು ಮಾಡಿಲ್ಲ.

ಪ್ರೋಟೀನ್ ಮಡಚಿಕೊಳ್ಳುವಾಗ ಎಡವಟ್ಟಾಗುವುದು ಎಲ್ಲರ ಕೋಶಗಳಲ್ಲೂ ನಡೆಯುವಂಥದ್ದು. ಜ್ವರ ಬಂದರೆ, ವಯಸ್ಸಾದರೆ, ಜೀನಿನಲ್ಲಿ ದೋಷವಿದ್ದರೆ ಜಾಸ್ತಿಯಾಗುತ್ತದೆ. ಅದಕ್ಕೆ ಕೋಶದೊಳಗೇ ಏರ್ಪಾಡಿದೆ. ಮೊದಲು ಶಾಪರೋನ್ ಎಂಬ ಸಹಾಯಕ ಪ್ರೋಟೀನುಗಳು ಅದನ್ನು ಹಿಡಿದು ಮತ್ತೆ ಸರಿಯಾಗಿ ಮಡಚಲು ನೋಡುತ್ತವೆ. ಆಗಲಿಲ್ಲ ಅಂದರೆ ಅದರ ಮೇಲೆ ಯುಬಿಕ್ವಿಟಿನ್ ಎಂಬ ಪುಟ್ಟ ಪ್ರೋಟೀನ್ ಒಂದರ ಹಿಂದೆ ಒಂದು ಅಂಟಿಕೊಳ್ಳುತ್ತದೆ. ಬರೀ 76 ಅಮೈನೋ ಆಮ್ಲಗಳದ್ದು. ಇದನ್ನು ಒಡೆದುಹಾಕಬೇಕು ಅನ್ನುವ ಗುರುತು ಅದು. ಗುರುತು ಬಿದ್ದದ್ದು ಪ್ರೋಟಿಯಾಸೋಮ್ ಎಂಬ, ಪ್ರೋಟೀನ್ ಒಡೆಯುವ ಕೋಶದ ಯಂತ್ರದ ಒಳಕ್ಕೆ ಹೋಗಿ ತುಂಡು ತುಂಡಾಗುತ್ತದೆ. ಈ ಗುರುತಿನ ಗುಟ್ಟನ್ನು ಬಿಡಿಸಿದ ಆರನ್ ಸಿಕನೋವರ್, ಅವ್ರಾಮ್ ಹರ್ಷ್ಕೋ ಮತ್ತು ಇರ್ವಿನ್ ರೋಸ್ ಅವರಿಗೆ 2004ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಬಂತು.

ಆದರೆ ಪ್ರೋಟಿಯಾಸೋಮಿನ ಬಾಯಿ ಬಹಳ ಕಿರಿದು. ನಮ್ಮ ಆಲೆಮನೆಯ ಗಾಣಕ್ಕೆ ಕಬ್ಬನ್ನು ಜಲ್ಲೆ ಜಲ್ಲೆಯಾಗಿ ಕೊಡಬೇಕು, ಕಟ್ಟುಗಟ್ಟಲೆ ತುರುಕಿದರೆ ಗಾಣ ನಿಂತುಬಿಡುತ್ತದೆ ಅಲ್ವಾ, ಹಾಗೆಯೇ ಇದೂ. ಮಡಿಕೆ ಬಿಚ್ಚಿಕೊಂಡ ಒಂದೊಂದೇ ಸರಪಳಿ ಒಳಗೆ ಹೋಗಬಲ್ಲದು. ಕೆಟ್ಟ ಪ್ರೋಟೀನುಗಳು ಒಂದಕ್ಕೊಂದು ಅಂಟಿ ಗಂಟುಕಟ್ಟಿದವೋ, ಅಲ್ಲಿ ಜಾಗವಿಲ್ಲ. ಆ ಗಂಟುಗಳಿಗೆ ಆಟೋಫಜಿ ಬೇಕು. ಗಂಟಿನ ಸುತ್ತ ಎರಡು ಪದರದ ಪೊರೆ ಬೆಳೆದು ಅದನ್ನು ಒಳಗೆ ಮುಚ್ಚಿಕೊಳ್ಳುತ್ತದೆ. ಆಮೇಲೆ ಆ ಚೀಲ ಲೈಸೋಸೋಮ್ ಜತೆ ಸೇರುತ್ತದೆ. ಲೈಸೋಸೋಮಿನಲ್ಲಿರುವ ಕಿಣ್ವಗಳು ಒಳಗಿದ್ದದ್ದನ್ನೆಲ್ಲ ಕರಗಿಸುತ್ತವೆ.

ನರಕೋಶಗಳಿಗೆ ಈ ಕೆಲಸ ಬೇರೆ ಕೋಶಗಳಿಗಿಂತ ಕಷ್ಟ. ಚರ್ಮದ ಕೋಶ ಒಡೆದು ಎರಡಾದಾಗ ಒಳಗಿನ ಕಸವೂ ಹಂಚಿಹೋಗಿ ಕಮ್ಮಿಯಾಗುತ್ತದೆ. ಬೆಳೆದ ನರಕೋಶ ಒಡೆಯುವುದಿಲ್ಲ. ಹುಟ್ಟಿದಾಗಿನ ಕೋಶವೇ ಎಂಬತ್ತರ ವಯಸ್ಸಿನಲ್ಲೂ ಕೆಲಸ ಮಾಡಬೇಕು. ಅದರ ಎಳೆಗಳು ಬಹಳ ಉದ್ದ. ಆ ಎಳೆಗಳ ತುದಿಯಲ್ಲಿ ಹುಟ್ಟಿದ ಕಸವನ್ನು ಕೋಶದ ನಡುಭಾಗದವರೆಗೆ ಸಾಗಿಸಿ ತಂದು ಕರಗಿಸಬೇಕು. ಈ ಕೆಲಸ ನಿಂತರೆ ಏನಾಗುತ್ತದೆ ಅನ್ನುವುದನ್ನು 2006ರಲ್ಲಿ ಜಪಾನಿನ ಎರಡು ತಂಡಗಳು ಇಲಿಗಳಲ್ಲಿ ತೋರಿಸಿದವು. ನರಕೋಶಗಳಲ್ಲಿ ಮಾತ್ರ ಆಟೋಫಜಿಗೆ ಬೇಕಾದ ಒಂದು ಜೀನ್ ತೆಗೆದುಹಾಕಿದರು. ಬೇರೆ ಯಾವ ದೋಷವನ್ನೂ ಮಾಡಲಿಲ್ಲ. ಅಷ್ಟಕ್ಕೇ ಆ ಇಲಿಗಳ ನರಕೋಶಗಳಲ್ಲಿ ಪ್ರೋಟೀನ್ ಗಂಟುಗಳು ತುಂಬಿದವು, ನಡಿಗೆ ಕೆಟ್ಟಿತು, ನರಕೋಶಗಳು ಸತ್ತವು.

ಮನುಷ್ಯರಲ್ಲೂ ಗಂಟುಗಳು ಸಿಗುತ್ತವೆ. ಪಾರ್ಕಿನ್ಸನ್ ರೋಗಿಗಳ ಮಿದುಳಿನಲ್ಲಿ ಫ್ರಿಟ್ಜ್ ಲೂವಿ ಎಂಬ ವೈದ್ಯರು 1912ರಲ್ಲೇ ಅವನ್ನು ಕಂಡಿದ್ದರು. ಅವು ಮುಖ್ಯವಾಗಿ ಆಲ್ಫಾ-ಸಿನ್ಯೂಕ್ಲಿನ್ ಎಂಬ ಪ್ರೋಟೀನಿನವು ಅಂತ ಗೊತ್ತಾಗಿದ್ದು 1997ರಲ್ಲಿ. ಮರೆವು ತರುವ ಆಲ್ಝೈಮರ್ ಕಾಯಿಲೆಯಲ್ಲಿ ಅಮಿಲಾಯ್ಡ್ ಮತ್ತು ಟಾವ್ ಎಂಬ ಪ್ರೋಟೀನುಗಳು, ವಂಶದಲ್ಲಿ ಬರುವ ಹಂಟಿಂಗ್ಟನ್ ಎಂಬ ಮಿದುಳಿನ ಕಾಯಿಲೆಯಲ್ಲಿ ಹಂಟಿಂಗ್ಟಿನ್ ಎಂಬುದು. ಹೆಸರು ಬೇರೆ, ಗಂಟುಕಟ್ಟುವ ತೊಂದರೆ ಒಂದೇ ಜಾತಿಯದ್ದು. ಇಲ್ಲಿಯವರೆಗೆ ಕರಪತ್ರದ ಮಾತು ಸರಿ.

ಮುಂದಿನದು ಸರಿಯಲ್ಲ. ಆ ನೊಬೆಲ್ ಪಡೆದ ಯೋಶಿನೋರಿ ಒಸುಮಿ ಕೆಲಸ ಮಾಡಿದ್ದು ಯೀಸ್ಟ್ ಮೇಲೆ. ಆಹಾರ ಸಿಗದಾಗ ಯೀಸ್ಟ್ ಕೋಶದೊಳಗೆ ಏನು ನಡೆಯುತ್ತದೆ, ಅದಕ್ಕೆ ಯಾವ ಯಾವ ಜೀನ್ ಬೇಕು ಅಂತ 1990ರ ದಶಕದಲ್ಲಿ ಹುಡುಕಿದರು. ಬಹಳ ದೊಡ್ಡ ಕೆಲಸ. ಆದರೆ ಅವರು ಯಾವ ರೋಗಿಗೂ ಉಪವಾಸದ ಚಿಕಿತ್ಸೆ ಕೊಟ್ಟವರಲ್ಲ, ನೊಬೆಲ್ ಬಂದದ್ದು ಅದಕ್ಕಲ್ಲ. ಅವರ ಫೋಟೋವನ್ನು ಫ್ಲೆಕ್ಸಿನಲ್ಲಿ ಹಾಕಿಕೊಳ್ಳುವುದು ಅವರಿಗೂ ಅನ್ಯಾಯ, ನೋಡುವವರಿಗೂ ಮೋಸ.

ಇನ್ನು ಉಪವಾಸ ಮಾಡಿದರೆ ಮಿದುಳಿನಲ್ಲಿ ಆಟೋಫಜಿ ಜೋರಾಗುತ್ತದೆಯೇ? 2004ರಲ್ಲಿ ಇಲಿಗಳನ್ನು ಒಂದು ದಿನ ಉಪವಾಸ ಇಟ್ಟು ನೋಡಿದಾಗ ಲಿವರಿನಲ್ಲಿ, ಸ್ನಾಯುಗಳಲ್ಲಿ ಜಾಸ್ತಿಯಾಗಿತ್ತು, ಮಿದುಳಿನಲ್ಲಿ ಆಗಿರಲಿಲ್ಲ. 2010ರಲ್ಲಿ ಬೇರೊಂದು ತಂಡ ಇಲಿಯ ಕೆಲವು ನರಕೋಶಗಳಲ್ಲಿ ಜಾಸ್ತಿಯಾದದ್ದನ್ನು ಕಂಡಿತು. ಇಲಿಯ ವಿಷಯದಲ್ಲೇ ವಿಜ್ಞಾನಿಗಳು ಇನ್ನೂ ಒಂದು ಮಾತಿಗೆ ಬಂದಿಲ್ಲ. ಉಪವಾಸದಿಂದ ಪಾರ್ಕಿನ್ಸನ್ ವಾಸಿಯಾಯಿತು ಅಂತ ಮನುಷ್ಯರ ಮೇಲೆ ನಡೆದ ಯಾವ ಪರೀಕ್ಷೆಯೂ ತೋರಿಸಿಲ್ಲ.

ಇನ್ನೂ ಒಂದು ಮುಖ್ಯ ವಿಷಯವಿದೆ, ಇದನ್ನು ಶಿಬಿರದಲ್ಲಿ ಯಾರೂ ಹೇಳಲಿಲ್ಲ. ಎಷ್ಟೋ ರೋಗಿಗಳಲ್ಲಿ ತೊಂದರೆ ಇರುವುದು ಕೊನೆಯ ಹಂತದಲ್ಲಿ, ಲೈಸೋಸೋಮಿನಲ್ಲಿ. ಪಾರ್ಕಿನ್ಸನ್ ಬರುವ ಸಂಭವವನ್ನು ಹೆಚ್ಚಿಸುವ ಜೀನ್ ದೋಷಗಳಲ್ಲಿ ಬಹಳ ಸಾಮಾನ್ಯವಾದದ್ದು ಜಿಬಿಎ ಎಂಬ ಜೀನಿನದು. ಆ ಜೀನ್ ತಯಾರಿಸುವುದು ಲೈಸೋಸೋಮಿನ ಒಂದು ಕಿಣ್ವವನ್ನು. ಆಲ್ಝೈಮರ್ ರೋಗಿಗಳ ನರಕೋಶಗಳಲ್ಲಿ ಕಸ ತುಂಬಿಕೊಂಡ ಚೀಲಗಳು ಕರಗದೆ ರಾಶಿ ಬಿದ್ದಿರುವುದೂ ಕಂಡಿದೆ. ಅಂದರೆ ಕಸವನ್ನು ಎತ್ತುವ ಕೆಲಸ ನಡೆದೇ ಇದೆ, ಕರಗಿಸುವ ಕೆಲಸ ನಿಂತಿದೆ. ಅಂಥ ಕೋಶದಲ್ಲಿ ಎತ್ತುವುದನ್ನು ಇನ್ನಷ್ಟು ಜೋರು ಮಾಡಿ ಏನು ಪ್ರಯೋಜನ? ರೋಗಿಯ ತೊಂದರೆ ಯಾವ ಹಂತದಲ್ಲಿದೆ ಅಂತ ನೋಡದೆ ಎಲ್ಲರನ್ನೂ ಒಂದೇ ಸಾಲಿನಲ್ಲಿ ಮಲಗಿಸಿ ಉಪವಾಸ ಹಾಕುವುದು ಚಿಕಿತ್ಸೆಯಲ್ಲ.

ಕಸ ತೆಗೆದಾಕ್ಷಣ ಕಾಯಿಲೆ ಹೋಗುತ್ತದೆ ಅನ್ನುವ ಮಾತೂ ಅಷ್ಟು ಸುಲಭದ್ದಲ್ಲ. ಆಲ್ಝೈಮರ್‌ಗೆ ಲೆಕಾನೆಮಾಬ್ ಎಂಬ ಔಷಧಿಗೆ 2023ರಲ್ಲಿ ಅಮೆರಿಕದಲ್ಲಿ ಪೂರ್ಣ ಅನುಮತಿ ಸಿಕ್ಕಿತು. ಅದು ಮಿದುಳಿನ ಅಮಿಲಾಯ್ಡ್ ಗಂಟುಗಳನ್ನು ನಿಜವಾಗಿಯೂ ಕಮ್ಮಿ ಮಾಡುತ್ತದೆ. ಆದರೂ ಮರೆವು ನಿಲ್ಲಲಿಲ್ಲ, ಅದರ ಓಟ ಸ್ವಲ್ಪ ನಿಧಾನವಾಯಿತು. ಕೆಲವರಿಗೆ ಮಿದುಳಿನಲ್ಲಿ ಊತ, ರಕ್ತಸ್ರಾವವೂ ಆಯಿತು. ಪ್ರಪಂಚದ ದೊಡ್ಡ ದೊಡ್ಡ ಪ್ರಯೋಗಾಲಯಗಳು ವರ್ಷಗಟ್ಟಲೆ ದುಡಿದು ಇಷ್ಟು ದೂರ ಬಂದಿವೆ. ನಮ್ಮ ಕಲ್ಯಾಣ ಮಂಟಪದಲ್ಲಿ ಐದು ದಿನಕ್ಕೆ ವಾಸಿ ಅಂತ ಬರೆದರೆ ಅದನ್ನು ಯಾರಾದರೂ ಪ್ರಶ್ನೆ ಮಾಡಬೇಕು, ಅಲ್ವಾ?

ಬೇಳೆಕಾಳು ಬಿಡಿಸುವ ವಿಷಯಕ್ಕೆ ಬರುತ್ತೇನೆ. ನಾವು ತಿಂದ ಹುರುಳಿಕಾಳು, ಮೊಟ್ಟೆ, ಮೀನಿನ ಪ್ರೋಟೀನ್ ಹಾಗೇ ಹೋಗಿ ಮಿದುಳಿನಲ್ಲಿ ಕೂರುವುದಿಲ್ಲ. ಹೊಟ್ಟೆ, ಕರುಳಿನಲ್ಲಿ ಅರಗಿ ಅಮೈನೋ ಆಮ್ಲವಾಗಿ ರಕ್ತಕ್ಕೆ ಸೇರುತ್ತದೆ. ಆಲ್ಫಾ-ಸಿನ್ಯೂಕ್ಲಿನ್ ನಮ್ಮ ಕೋಶಗಳೇ ತಯಾರಿಸುವ ಪ್ರೋಟೀನ್. ಮುದ್ದೆ, ಬಸ್ಸಾರು ಬಿಟ್ಟರೆ ಅದು ಕಮ್ಮಿಯಾಗುವುದಿಲ್ಲ. ಡಾಕ್ಟರುಗಳು ಹೇಳುವ ಮಾತೇ ಬೇರೆ: ಪಾರ್ಕಿನ್ಸನ್‌ಗೆ ಕೊಡುವ ಲೀವೋಡೋಪಾ ಮಾತ್ರೆಯನ್ನು ಊಟಕ್ಕೆ ಅರ್ಧ ಗಂಟೆ ಮುಂಚೆ ತಗೊಳ್ಳಿ, ಯಾಕೆಂದರೆ ಊಟದ ಪ್ರೋಟೀನಿನಿಂದ ಬರುವ ಅಮೈನೋ ಆಮ್ಲಗಳು ಮಾತ್ರೆಯನ್ನು ಮೈಗೆ ಹತ್ತಲು ಬಿಡುವುದಿಲ್ಲ. ಇದು ಹೊತ್ತಿನ ವಿಷಯ, ಊಟ ಬಿಡುವ ವಿಷಯವಲ್ಲ. ಪಾರ್ಕಿನ್ಸನ್ ಇರುವವರು ಮೊದಲೇ ಸೊರಗುತ್ತಾರೆ. ಅವರ ತಟ್ಟೆಯಿಂದ ಕಾಳು, ಮೊಟ್ಟೆ ಕಿತ್ತುಕೊಳ್ಳಬಾರದು.

ಇನ್ನು ನನ್ನ ಅಣ್ಣನಿಗೆ ಆದದ್ದು. ಅವನು ವಿ.ಸಿ. ನಾಲೆಯ ಬಯಲಿನಲ್ಲಿ ಕಬ್ಬು ಬೆಳೆಯುವ ರೈತ. ಬೆಲ್ಲ ಕಾಯುವ ಕೊಪ್ಪರಿಗೆಯ ಪಕ್ಕ ನಿಂತರೂ ವಾಸನೆ ಗೊತ್ತಾಗುತ್ತಿಲ್ಲ ಅಂತ ಬಹಳ ಹಿಂದೆಯೇ ಹೇಳುತ್ತಿದ್ದ. ಕೈ ನಡುಗಲು ಶುರುವಾಗಿದ್ದು ಆಮೇಲೆ. ವಾಸನೆ ಹೋಗುವುದು ಈ ಕಾಯಿಲೆಯ ಮೊದಮೊದಲ ಸೂಚನೆಗಳಲ್ಲಿ ಒಂದು. ಲೀವೋಡೋಪಾ-ಕಾರ್ಬಿಡೋಪಾ ಮಾತ್ರೆ ಶುರುವಾದ ಮೇಲೆ ಚೆನ್ನಾಗೇ ಇದ್ದ. ಗದ್ದೆಗೆ ಹೋಗಿ ನೀರು ತಿರುಗಿಸಿ ಬರುತ್ತಿದ್ದ. ಅಂಗಿಯ ಗುಂಡಿ ತಾನೇ ಹಾಕಿಕೊಳ್ಳುತ್ತಿದ್ದ. ಮಾತ್ರೆ ಕಾಯಿಲೆಯನ್ನು ವಾಸಿ ಮಾಡುವುದಿಲ್ಲ, ಸಾಯುತ್ತಿರುವ ನರಕೋಶಗಳನ್ನು ಉಳಿಸುವುದೂ ಇಲ್ಲ. ಮಿದುಳಿನಲ್ಲಿ ಕಮ್ಮಿಯಾದ ಡೋಪಮೈನ್ ಎಂಬ, ಮೈ ಆಡಿಸಲು ಬೇಕಾದ ರಾಸಾಯನಿಕವನ್ನು ತುಂಬಿಕೊಡುತ್ತದೆ ಅಷ್ಟೇ. ಆದರೆ ರೋಗಿ ಎದ್ದು ನಡೆಯುವುದು ಅದರಿಂದಲೇ.

ಶಿಬಿರದ ಬಾಗಿಲಲ್ಲೇ ಅವನ ಮಾತ್ರೆಗಳನ್ನು ಒಂದು ಪ್ಲಾಸ್ಟಿಕ್ ಕವರಿಗೆ ಹಾಕಿ, ಮೇಲೆ ಹೆಸರು ಬರೆದು ಎತ್ತಿಟ್ಟರು. ಹೋಗುವಾಗ ಕೊಡುತ್ತೇವೆ, ಆಮೇಲೆ ಇದು ನಿಮಗೆ ಬೇಕಾಗುವುದೇ ಇಲ್ಲ ಅಂದರಂತೆ. ಎರಡು ದಿನ ಕಳೆಯುವಷ್ಟರಲ್ಲಿ ಅತ್ತಿಗೆ ಫೋನ್ ಮಾಡಿ ಅತ್ತರು. ನಾನು ಹೋಗಿ ನೋಡಿದಾಗ ಅವನು ಚಾಪೆಯ ಮೇಲೆ ಮಲಗಿದ್ದ. ಮೈ ಪೂರ್ತಿ ಬಿಗಿದುಕೊಂಡಿತ್ತು. ಜ್ವರ ಸುಡುತ್ತಿತ್ತು. ಚಮಚದಲ್ಲಿ ನೀರು ಬಿಟ್ಟರೆ ಕೆನ್ನೆಯ ಪಕ್ಕದಿಂದ ಹೊರಗೆ ಬರುತ್ತಿತ್ತು. ಇದು ವಿಷ ಹೊರಗೆ ಹೋಗುವ ಲಕ್ಷಣ, ಇನ್ನೊಂದು ದಿನ ತಡೆಯಿರಿ ಅಂತ ಅಲ್ಲಿದ್ದವರು ನನಗೇ ಹೇಳಿದರು. ಅತ್ತಿಗೆ ಹೇಳಿದ್ದು, "ನೊಬೆಲ್ ಬಂದಿರೋ ವಿದ್ಯೆ ಅಂತ ಹೇಳವ್ರೆ ಕಣಪ್ಪ, ನಾವೆಂಗೆ ಬ್ಯಾಡ ಅನ್ನೋದು?"

ಅದು ವಿಷ ಹೋಗುವ ಲಕ್ಷಣವಲ್ಲ. ಪಾರ್ಕಿನ್ಸನ್ ಮಾತ್ರೆಯನ್ನು ದಿಢೀರ್ ನಿಲ್ಲಿಸಿದರೆ ಮೈ ಬಿಗಿದು, ಜ್ವರ ಏರಿ, ಪ್ರಜ್ಞೆ ಮಂಕಾಗಬಹುದು ಅನ್ನುವುದು ವೈದ್ಯರಿಗೆ ಚೆನ್ನಾಗಿ ಗೊತ್ತಿರುವ ವಿಷಯ. ಸಕಾಲಕ್ಕೆ ನೋಡದಿದ್ದರೆ ಜೀವಕ್ಕೇ ಅಪಾಯ. ಆಸ್ಪತ್ರೆಯಲ್ಲಿ ಮೂಗಿನಿಂದ ನಳಿಕೆ ಹಾಕಿ, ಮಾತ್ರೆ ಪುಡಿ ಮಾಡಿ ಕೊಟ್ಟರು. ಅಣ್ಣ ಉಳಿದ. ಆದರೆ ಗದ್ದೆಯವರೆಗೆ ನಡೆದು ಹೋಗುತ್ತಿದ್ದವನು ಈಗ ವಾಕರ್ ಹಿಡಿದು ಮನೆಯೊಳಗೆ ಓಡಾಡುತ್ತಾನೆ.

ಶಿಬಿರದಲ್ಲಿ ಒಂದು ಚೂರ್ಣವನ್ನೂ ಮಾರಿದರು. ಪೊಟ್ಟಣದ ಮೇಲೆ ತಯಾರಕರ ಹೆಸರಿಲ್ಲ, ಬ್ಯಾಚ್ ನಂಬರಿಲ್ಲ. ನಸುಗುನ್ನಿ ಬೀಜ ಸೇರಿಸಿದ್ದೇವೆ ಅಂತ ಬಾಯಲ್ಲಿ ಹೇಳುತ್ತಾರೆ. ಆಯುರ್ವೇದದ ಬಗ್ಗೆ ನನಗೆ ಗೌರವವಿದೆ. ಕಂಪವಾತಕ್ಕೆ, ಅಂದರೆ ಮೈ ನಡುಗುವ ಕಾಯಿಲೆಗೆ, ನಸುಗುನ್ನಿ ಕೊಡುವ ಪದ್ಧತಿ ಅದರಲ್ಲಿದೆ. ಆ ಬೀಜದಲ್ಲಿ ಎಲ್-ಡೋಪಾ (ಲೀವೋಡೋಪಾದ ಇನ್ನೊಂದು ಹೆಸರು) ಇದೆ ಅಂತ 1937ರಲ್ಲೇ ಬೇರ್ಪಡಿಸಿ ತೋರಿಸಿದ್ದಾರೆ. ಅಂದರೆ ಮಾತ್ರೆಯಲ್ಲಿರುವ ಔಷಧಿಯೇ ಬೀಜದಲ್ಲೂ ಇದೆ! ಹಾಗಿದ್ದ ಮೇಲೆ ಎಷ್ಟು ಇದೆ ಅಂತ ಗೊತ್ತಿಲ್ಲದ ಪುಡಿಯನ್ನು ಅಳತೆಯಿಲ್ಲದೆ ಕೊಟ್ಟು, ಅಳತೆ ಗೊತ್ತಿರುವ ಮಾತ್ರೆಯನ್ನು ಕಿತ್ತುಕೊಳ್ಳುವುದು ಯಾವ ವೈದ್ಯ ಪದ್ಧತಿ? ಓದಿದ ಆಯುರ್ವೇದ ವೈದ್ಯರು ಯಾರೂ ಹೀಗೆ ಮಾಡುವುದಿಲ್ಲ.

ಏಕಾದಶಿ, ಶಿವರಾತ್ರಿ, ರಂಜಾನ್ ಉಪವಾಸಗಳ ಬಗ್ಗೆ ನನ್ನ ತಕರಾರು ಏನೂ ಇಲ್ಲ. ಅದು ಅವರವರ ನಂಬಿಕೆ. ಆರೋಗ್ಯವಂತರು ಒಂದು ಹೊತ್ತು ಊಟ ಬಿಟ್ಟರೆ ಬಿಡಲಿ. ಶಿಬಿರ ನಡೆಸುವವರಿಗೂ ಒಂದು ಮಾತು ಹೇಳುತ್ತೇನೆ. ನೀವು ಬೆಳಿಗ್ಗೆ ಮಾಡಿಸಿದ ನಡಿಗೆ, ವ್ಯಾಯಾಮ, ಎಲ್ಲರನ್ನೂ ಸೇರಿಸಿ ಹಾಡಿಸಿದ ಭಜನೆ ಆ ಹಿರಿಯರಿಗೆ ಖುಷಿ ಕೊಟ್ಟಿತ್ತು. ಪಾರ್ಕಿನ್ಸನ್ ಇರುವವರಿಗೆ ವ್ಯಾಯಾಮ ಒಳ್ಳೆಯದು ಅಂತ ವೈದ್ಯರೂ ಹೇಳುತ್ತಾರೆ. ಅದನ್ನು ಮಾಡಿಸಿ, ನಾನೇ ಬಂದು ಕೈ ಜೋಡಿಸುತ್ತೇನೆ. ಅವರ ಮಾತ್ರೆಗೆ ಮಾತ್ರ ಕೈ ಹಾಕಬೇಡಿ.

ಮಾನ್ಯ ಅಧಿಕಾರಿಗಳೇ, ತಮ್ಮಲ್ಲಿ ನನ್ನ ಮನವಿ ಇದು. ಫ್ಲೆಕ್ಸ್ ಕಟ್ಟಿರುವ ಶಿಬಿರ ಶುರುವಾಗುವ ಮೊದಲು ಅಲ್ಲಿಗೆ ತಂಡ ಕಳಿಸಿ. ಅಲ್ಲಿ ಹೊಣೆ ಹೊತ್ತ ವೈದ್ಯರು ಯಾರು, 2007ರ ಕರ್ನಾಟಕ ಖಾಸಗಿ ವೈದ್ಯಕೀಯ ಸಂಸ್ಥೆಗಳ ಕಾಯ್ದೆಯ ನೋಂದಣಿ ಇದೆಯಾ ಅಂತ ಕೇಳಿ. ಔಷಧ ಮತ್ತು ಮಾಂತ್ರಿಕ ಪರಿಹಾರಗಳ ಆಕ್ಷೇಪಾರ್ಹ ಜಾಹೀರಾತು ಕಾಯ್ದೆ 1954ರಿಂದ ಇದೆ. ಔಷಧಿಯಿಂದ ವಾಸಿಯಾಗುತ್ತದೆ ಅಂತ ಜಾಹೀರಾತು ಕೊಡಬಾರದ ಕಾಯಿಲೆಗಳ ಪಟ್ಟಿಯಲ್ಲಿ ಮಿದುಳಿನ ಕಾಯಿಲೆಗಳೂ ಇವೆ. ಚೂರ್ಣದ ಹೆಸರು ಹಾಕಿ ವಾಸಿ ಮಾಡುತ್ತೇವೆ ಅಂದವರ ಮೇಲೆ ಅದನ್ನು ಬಳಸಿ. ಚೂರ್ಣದ ಮಾದರಿ ತೆಗೆದು ಪರೀಕ್ಷೆಗೆ ಕಳಿಸಿ.

ಆದರೆ ಬರೀ ಶಿಬಿರ ಮುಚ್ಚಿಸಿದರೆ ಸಾಲದು. ಜನ ಅಲ್ಲಿಗೆ ಹೋಗುವುದು ಬೇರೆ ಕಡೆ ಸರಿಯಾಗಿ ಹೇಳುವವರು ಸಿಗದೆ. ಅರವತ್ತು ದಾಟಿದ ಭಾರತೀಯರಲ್ಲಿ ಸುಮಾರು 88 ಲಕ್ಷ ಜನರಿಗೆ ಮರೆವಿನ ಕಾಯಿಲೆ ಇದೆ ಅನ್ನುವ ಅಂದಾಜು 2023ರಲ್ಲಿ ಪ್ರಕಟವಾಗಿದೆ. ನಮ್ಮ ಜಿಲ್ಲೆಯ ಹಳ್ಳಿಗಳಲ್ಲೂ ಇಂಥ ಮನೆಗಳಿವೆ. ಅವರಿಗೆ ಇದು ವಯಸ್ಸಿನ ಸಹಜ ತೊಂದರೆ ಅಂತ ಹೇಳಿ ಕಳಿಸುವವರೇ ಜಾಸ್ತಿ. ಸರ್ಕಾರ ಮತ್ತು ನಿಮ್ಹಾನ್ಸ್ ಸೇರಿ 2022ರಲ್ಲಿ ಶುರುಮಾಡಿದ ಕರ್ನಾಟಕ ಮಿದುಳು ಆರೋಗ್ಯ ಯೋಜನೆ ಇದೆ ಅನ್ನುವುದನ್ನು ಪ್ರತಿ ಪ್ರಾಥಮಿಕ ಆರೋಗ್ಯ ಕೇಂದ್ರದ ಗೋಡೆಯ ಮೇಲೆ ಬರೆಸಿ. ಪಾರ್ಕಿನ್ಸನ್ ಮಾತ್ರೆಯನ್ನು ಡಾಕ್ಟರನ್ನು ಕೇಳದೆ ನಿಲ್ಲಿಸಬೇಡಿ ಅನ್ನುವ ಒಂದು ಸಾಲನ್ನು ಆಶಾ ಕಾರ್ಯಕರ್ತೆಯರ ಮೂಲಕ ಮನೆಮನೆಗೆ ಮುಟ್ಟಿಸಿ. ಲೀವೋಡೋಪಾ-ಕಾರ್ಬಿಡೋಪಾ ರಾಷ್ಟ್ರೀಯ ಅಗತ್ಯ ಔಷಧಗಳ ಪಟ್ಟಿಯಲ್ಲಿದೆ. ತಾಲ್ಲೂಕು ಆಸ್ಪತ್ರೆಗಳಲ್ಲಿ ಅದು ಯಾವತ್ತೂ ಖಾಲಿಯಾಗದಂತೆ ನೋಡಿಕೊಳ್ಳಿ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ ಪಾರ್ಕಿನ್ಸನ್ ಹೆಸರೂ ಇದೆ. ಅರ್ಹರಿಗೆ ಗುರುತಿನ ಚೀಟಿ ಸಿಗುತ್ತದೆ ಅಂತ ಎಷ್ಟು ಮನೆಗಳಿಗೆ ಗೊತ್ತು? ಅದಕ್ಕೆ ತಾಲ್ಲೂಕಿನಲ್ಲೇ ತಪಾಸಣೆಯ ಏರ್ಪಾಡಾಗಲಿ, ಕೈಕಾಲು ಆಡದವರನ್ನು ಜಿಲ್ಲಾ ಕೇಂದ್ರಕ್ಕೆ ಹೊತ್ತು ತರುವ ಕಷ್ಟ ತಪ್ಪಲಿ.

ಕರಪತ್ರ, ಚೂರ್ಣದ ಪೊಟ್ಟಣ, ಅಣ್ಣನ ಡಿಸ್ಚಾರ್ಜ್ ಚೀಟಿಯ ಜೆರಾಕ್ಸ್ ಈ ಪತ್ರದ ಜತೆ ತಮ್ಮ ಕಚೇರಿಗೆ ಕೊಡುತ್ತಿದ್ದೇನೆ. ವಿಚಾರಣೆಗೆ ಕರೆದರೆ ನಾನೂ ಅತ್ತಿಗೆಯೂ ಬಂದು ಹೇಳಿಕೆ ಕೊಡಲು ಸಿದ್ಧ. ಅದೇ ಶಿಬಿರದಲ್ಲಿ ಮಾತ್ರೆ ಬಿಟ್ಟು ತೊಂದರೆಯಾದ ಬೇರೆ ಮನೆಯವರಿದ್ದರೆ ದಯವಿಟ್ಟು ಅವರೂ ಮುಂದೆ ಬಂದು ದೂರು ಕೊಡಲಿ. ಮಾತ್ರೆ ಬಿಟ್ಟು ಈಗ ಮನೆಯಲ್ಲಿರುವ ಹಿರಿಯರಿದ್ದರೆ ಇವತ್ತೇ ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ.

ಇಂತಿ ತಮ್ಮ ವಿಶ್ವಾಸಿ,
ನಿವೃತ್ತ ಜೀವಶಾಸ್ತ್ರ ಉಪನ್ಯಾಸಕ,
ಮಂಡ್ಯ